ಚಾರಿಟಿ ಅಂಗಡಿಗಳ ಹುಡುಕಾಟ
ಬ್ರಿಟನ್ನಿನ ಯಾವ ಊರಿಗೆ ಹೋದರೂ ಪೇಟೆಬೀದಿಯಲ್ಲಿ ನನ್ನ ಕಣ್ಣು ಮೊದಲು ಅರಸುವುದು ಆಕ್ಸ್‌ಫ್ಯಾಮ್, ಬ್ರಿಟಿಷ್ ಹಾರ್ಟ್ ಫೌಂಡೇಶನ್ ಮುಂತಾದ ಸೇವಾಸಂಸ್ಥೆಗಳು ದಾನವಾಗಿ ಬಂದ ಹಳೆಯ ವಸ್ತುಗಳನ್ನು ಮಾರಿ ತಮ್ಮ ಕೆಲಸಕ್ಕೆ ಹಣ ಕೂಡಿಸುವ ಚಾರಿಟಿ ಅಂಗಡಿಗಳನ್ನು. ಯಾರೋ ದಾನವಾಗಿ ಕೊಟ್ಟ ಉಣ್ಣೆಯ ಕೋಟುಗಳು, ಜೋಡಿ ತಪ್ಪಿದ ಕಪ್ಪುಬಸಿಗಳು, ಮೊದಲ ಪುಟದಲ್ಲಿ ಹುಟ್ಟುಹಬ್ಬದ ಹಾರೈಕೆ ಬರೆದಿರುವ ಪುಸ್ತಕಗಳು ಒತ್ತೊತ್ತಾಗಿ ಸೇರಿರುವ ಆ ಇಕ್ಕಟ್ಟಿನಲ್ಲಿ, ಇಂಥದ್ದೇ ಬೇಕೆಂದು ನಿಶ್ಚಯಿಸಿಕೊಂಡು ಬಂದವರಿಗಿಂತ ಸುಮ್ಮನೆ ತಡಕಾಡುವವರಿಗೇ ಅದೃಷ್ಟ ಒಲಿಯುತ್ತದೆ. ವಸ್ತು ಕೊಟ್ಟವರು ಅಲ್ಲಿನ ತೆರಿಗೆದಾರರಾಗಿದ್ದು ಗಿಫ್ಟ್ ಏಡ್ ವ್ಯವಸ್ಥೆಗೆ ಒಪ್ಪಿದ್ದರೆ, ಮಾರಾಟದ ಹಣದ ಪ್ರತಿ ಪೌಂಡಿಗೆ 25 ಪೆನ್ಸನ್ನು ಸಂಸ್ಥೆಯು ಸರ್ಕಾರದಿಂದ ಹೆಚ್ಚುವರಿಯಾಗಿ ಪಡೆಯಬಹುದು. ಇದು ತಿಳಿದ ಮೇಲೆ ಅಲ್ಲಿ ಚೌಕಾಸಿ ಮಾಡಲು ನನಗೆ ಮನಸ್ಸು ಬಾರದು (ಗಾಂಧಿಬಜಾರಿನಲ್ಲಾಗಿದ್ದರೆ ಬಿಡುತ್ತಿರಲಿಲ್ಲ). ಸ್ಥಿತಿವಂತರ ಬಡಾವಣೆಗಳಲ್ಲಿ ಸರಕು ಉತ್ತಮವಾಗಿರುತ್ತದೆಂಬುದು ನನ್ನ ಅನುಭವ, ಆದರೆ ಬೆಲೆಚೀಟಿಯನ್ನೂ ಅಂಗಡಿಯವರು ಅದನ್ನು ಅರಿತೇ ಅಂಟಿಸಿರುತ್ತಾರೆ.