ಕಾಯಿಸಿದರೆ ಹರಳಾಗುವ ಉಪ್ಪು

ಇವತ್ತು ಲ್ಯಾಬ್‌ನಲ್ಲಿ ನಿಯೋಡಿಮಿಯಮ್ ಅನ್ನೋ ಲೋಹದ ಉಪ್ಪು, ನಿಯೋಡಿಮಿಯಮ್ ಸಲ್ಫೇಟ್ ಮಾಡಿದೆ. ಮಾಡೋದೇನೂ ಕಷ್ಟವಿಲ್ಲ. ಮಾಸಲು ನೀಲಿ ಆಕ್ಸೈಡ್ ಪುಡಿಯನ್ನು ನೀರು ಬೆರೆಸಿದ ಗಂಧಕಾಮ್ಲಕ್ಕೆ ಚೂರುಚೂರೇ ಹಾಕಿ ಕಲಕಬೇಕು, ಅಷ್ಟೇ.

ಮಜಾ ಇರೋದು ಆಮೇಲೆ. ಸಕ್ಕರೆ ಬಿಸಿ ನೀರಿನಲ್ಲಿ ಜಾಸ್ತಿ ಕರಗುತ್ತದೆ ಅಲ್ವಾ? ಇದು ಉಲ್ಟಾ. 20 ಡಿಗ್ರಿಯಲ್ಲಿ 100 ಮಿ.ಲೀ. ನೀರಿಗೆ ಸುಮಾರು 7 ಗ್ರಾಂ ಕರಗುತ್ತದೆ. 80 ಡಿಗ್ರಿಯಲ್ಲಿ ಅದರ ಅರ್ಧವೂ ಇಲ್ಲ. ಬೀಕರನ್ನು ಬಿಸಿನೀರಲ್ಲಿ ಕೂರಿಸಿದೆ. ಸ್ವಲ್ಪ ಹೊತ್ತಿಗೆ ತಳದಲ್ಲಿ ಗುಲಾಬಿ ಹರಳುಗಳು ಮಿನುಗತೊಡಗಿದವು. ಒಲೆ ಆರಿಸೋದನ್ನೂ ಮರೆತು ನೋಡ್ತಾ ನಿಂತೆ.

ಕಿಟಕಿ ಹತ್ತಿರ ಬಿಸಿಲಿಗೆ ಹಿಡಿದರೆ ತಿಳಿ ನೇರಳೆ. ಟ್ಯೂಬ್‌ಲೈಟ್ ಕೆಳಗೆ ತಂದರೆ ಬಣ್ಣವೇ ಬೇರೆ, ನೀಲಿಯತ್ತ ತಿರುಗುತ್ತದೆ. ಹಳದಿ ಬೆಳಕಿನ ಒಂದು ಸಣ್ಣ ಪಟ್ಟಿಯನ್ನು ಇದು ನುಂಗುತ್ತದೆ, ಅದಕ್ಕೇ ಈ ಆಟ. ನಮ್ಮಮ್ಮ ಸೀರೆಯನ್ನು ಅಂಗಡಿಯಿಂದ ಆಚೆ ತಂದು ಬಿಸಿಲಲ್ಲಿ ನೋಡುತ್ತಿದ್ದದ್ದು ನೆನಪಾಯಿತು.

1885ರಲ್ಲಿ ವಿಯೆನ್ನಾದ ರಸಾಯನಶಾಸ್ತ್ರಜ್ಞ ಆವರ್ ಫಾನ್ ವೆಲ್ಸ್‌ಬಾಖ್, ಅಲ್ಲಿವರೆಗೆ ಒಂದೇ ಧಾತು ಅಂದುಕೊಂಡಿದ್ದ ಡಿಡಿಮಿಯಮ್ ಅನ್ನು ಒಡೆದು ನಿಯೋಡಿಮಿಯಮ್ ಸೇರಿ ಎರಡು ಧಾತು ತೋರಿಸಿದ್ದು ಇಂಥ ಹರಳು ಕಟ್ಟಿಸಿಯೇ. ಮತ್ತೆ ಮತ್ತೆ ಕರಗಿಸಿ, ಮತ್ತೆ ಮತ್ತೆ ಹರಳಾಗಿಸಿ. ನನಗೆ ಒಂದೇ ಸಲಕ್ಕೆ ಸೊಂಟ ಹಿಡಿದಿದೆ.