ಅರ್ಧ ಗಂಟೆಯ ದಾರಿಗೆ 16 ದಿನ

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ, ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಶಿಲುಬೆ ಹಾದಿಯ ಪ್ರಾರ್ಥನೆ ಮಾಡುವಾಗ ನನಗೆ ರೋಮಿನ ಒಂದು ಶಿಲುಬೆ ನೆನಪಾಗುತ್ತದೆ. ಆ ಊರಿನ ನಟ್ಟನಡುವೆ, ವಿಯಾ ದೆಲ್ ಕೊರ್ಸೊ ಎಂಬ ಪೇಟೆಬೀದಿಯಲ್ಲಿ, ಸಂತ ಮಾರ್ಚೆಲ್ಲೊ ಚರ್ಚಿದೆ. 1519ರ ಮೇ ತಿಂಗಳ ಒಂದು ರಾತ್ರಿ ಅದು ಸುಟ್ಟು ಬಿತ್ತು. ಬೆಳಗಾದಾಗ ಬೂದಿಯ ನಡುವೆ ಮರದ ಶಿಲುಬೆಯೊಂದು ಹಾಗೇ ಉಳಿದಿತ್ತು. ಅದರ ಬುಡದಲ್ಲಿ ಪುಟ್ಟ ಎಣ್ಣೆದೀಪ ಉರಿಯುತ್ತಲೇ ಇತ್ತು ಎನ್ನುತ್ತಾರೆ.

1522ರಲ್ಲಿ ರೋಮಿಗೆ ಪ್ಲೇಗ್ ಬಂತು. ಜನ ಆ ಶಿಲುಬೆಯನ್ನೇ ಹೊತ್ತು ಸಂತ ಪೇತ್ರರ ಮಹಾದೇವಾಲಯದ ಕಡೆ ಹೊರಟರು. ಬರಿಗಾಲು, ತಲೆಯ ಮೇಲೆ ಬೂದಿ. ಸೋಂಕಿನ ಭಯಕ್ಕೆ ಅಧಿಕಾರಿಗಳು ತಡೆದರೂ ಕೇಳಲಿಲ್ಲ. ನಡೆದರೆ ಅರ್ಧ ಗಂಟೆಯ ದಾರಿ ಅದು. ಆದರೆ ಆಗಸ್ಟ್ 4ಕ್ಕೆ ಹೊರಟ ಮೆರವಣಿಗೆ ಮುಗಿದದ್ದು 20ಕ್ಕೆ! ಯಾಕೆ ಗೊತ್ತಾ? ಒಂದೊಂದು ಕೇರಿಯವರೂ ಶಿಲುಬೆಯನ್ನು ತಮ್ಮಲ್ಲೇ ಇನ್ನಷ್ಟು ಹೊತ್ತು ಇರಿಸಿಕೊಳ್ಳಲು ಹಟ ಹಿಡಿದರು. ನನಗೆ ಪವಾಡಕ್ಕಿಂತ ಈ ಹಟವೇ ಜಾಸ್ತಿ ಹತ್ತಿರ. ಒಳಗೆ ಮಗು ಜ್ವರದಲ್ಲಿ ಮಲಗಿರುವಾಗ, ಬಾಗಿಲಿಗೆ ಬಂದ ಸ್ವಾಮಿಯನ್ನು ಯಾವ ತಾಯಿ ಬೇಗ ಕಳಿಸಿಕೊಡುತ್ತಾಳೆ? ಶಿಲುಬೆ ಮರಳಿ ಬರುವ ಹೊತ್ತಿಗೆ ರೋಗ ನಿಂತಿತ್ತೆಂದು ಅಲ್ಲಿಯವರು ಇಂದಿಗೂ ನಂಬುತ್ತಾರೆ.

ಆದರೂ ಅಧಿಕಾರಿಗಳ ಭಯ ಸುಳ್ಳಲ್ಲ. 590ರ ಪ್ಲೇಗಿನಲ್ಲಿ, ಆಗಷ್ಟೇ ಪೋಪ್ ಆಗಿ ಆಯ್ಕೆಯಾಗಿದ್ದ ಸಂತ ಗ್ರೆಗೊರಿಯವರು ರೋಮಿನ ಜನರನ್ನು 7 ಗುಂಪು ಮಾಡಿ ಪಶ್ಚಾತ್ತಾಪದ ಮೆರವಣಿಗೆಗೆ ಕರೆದಿದ್ದರು. ಆ ದಿನ ಪ್ರಾರ್ಥಿಸುತ್ತಲೇ 80 ಮಂದಿ ಕುಸಿದು ಸತ್ತರಂತೆ. ಅವರನ್ನೂ ನೆನೆಯಬೇಕು, ಅಲ್ವಾ?

ಅದಕ್ಕೇ 2020ರ ಮಾರ್ಚ್ 15 ನನ್ನ ಕಣ್ಣಲ್ಲೇ ಇದೆ. ಕೊರೋನಾಕ್ಕೆ ರೋಮ್ ಬಾಗಿಲು ಹಾಕಿಕೊಂಡಿತ್ತು. 83 ವರ್ಷದ ಪೋಪ್ ಫ್ರಾನ್ಸಿಸರು ಅದೇ ಬೀದಿಯಲ್ಲಿ ನಡೆದು ಅದೇ ಶಿಲುಬೆಯ ಮುಂದೆ ಪ್ರಾರ್ಥಿಸಿದರು. ಜೊತೆಗೆ ಕಾವಲಿನ ಕೆಲವರು, ಅಷ್ಟೇ. ಮನೆಯೊಳಗೆ ಉಳಿದ ನಮ್ಮೆಲ್ಲರ ಪಾಲಿನ ಹೆಜ್ಜೆಗಳನ್ನೂ ಅವರೇ ಹಾಕುತ್ತಿದ್ದಾರೆ ಅನಿಸಿತು. ನಾವು ಮನೆಯಲ್ಲೇ ಇದ್ದದ್ದೂ ಆ ವರ್ಷದ ತಪಸ್ಸೇ.

ಅದೇ ತಿಂಗಳ 27ರ ಸಂಜೆ ಆ ಶಿಲುಬೆಯನ್ನು ಸಂತ ಪೇತ್ರರ ಚೌಕಕ್ಕೆ ತಂದಿದ್ದರು. ಖಾಲಿ ಚೌಕ, ಸುರಿಯುವ ಮಳೆ. ನಮ್ಮ ಮನೆಯಲ್ಲಿ ಅಮ್ಮ ಜಪಸರ ಹಿಡಿದು ಟಿವಿ ಮುಂದೆ ಕೂತಿದ್ದರು. ಪೋಪ್ ಬಾಗಿ ಯೇಸುವಿನ ಪಾದಕ್ಕೆ ಮುತ್ತಿಟ್ಟರು. ಆ ಮರದ ಮೈಮೇಲೆ ನೀರು ಇಳಿಯುತ್ತಿತ್ತು. ಅಮ್ಮ ಸುಮ್ನೆ ಸೆರಗಿನಿಂದ ಟಿವಿಯ ಗಾಜು ಒರೆಸಿದರು.