ಚಿಕ್ಕಪ್ಪನ ಎಫ್‌ಸಿ, ನನ್ನ ಎಂಓಟಿ

ಫೆಬ್ರವರಿಯ ಒಂದು ಗುರುವಾರ, ರಾತ್ರಿ ಹತ್ತು ಗಂಟೆ. ಕಾರಿನ ಟ್ಯಾಕ್ಸ್ ಕಟ್ಟಿಬಿಡೋಣ ಅಂತ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಸ್ವಾನ್ಸಿಯಿಂದ, ಅಂದರೆ ಬ್ರಿಟನ್ನಿನ ವಾಹನ ನೋಂದಣಿ ಕಚೇರಿಯಿಂದ ಬಂದ ಕಾಗದದಲ್ಲಿದ್ದ ನಂಬರ್ ಹೊಡೆದೆ. ಆಗಲ್ಲ ಅಂತು. ನಿಮ್ಮ ಗಾಡಿಗೆ ಎಂಓಟಿ ಇಲ್ಲ, ಅಂದರೆ ಗಾಡಿ ರಸ್ತೆಗಿಳಿಯಲು ಸರಿಯಿದೆಯಾ ಅಂತ ನೋಡುವ ವರ್ಷದ ಪರೀಕ್ಷೆ ಆಗಿಲ್ಲ, ಮೊದಲು ಅದನ್ನು ಮಾಡಿಸಿ ಅಂತು. ನಾನು ನಂಬಲಿಲ್ಲ. ಇನ್ನೊಂದು ಪುಟಕ್ಕೆ ಹೋಗಿ ಕಾರಿನ ನಂಬರ್ ಹಾಕಿ ನೋಡಿದೆ. ಎರಡು ದಿನದ ಹಿಂದೆಯೇ, 21ನೇ ತಾರೀಖು ಮುಗಿದುಹೋಗಿತ್ತು.

ಆ ಎರಡು ದಿನವೂ ನಾನು ಅದೇ ಕಾರಿನಲ್ಲಿ ಮಗಳನ್ನು ಸ್ಕೂಲಿಗೆ ಬಿಟ್ಟು ಬಂದಿದ್ದೆ. ತರಕಾರಿಗೂ ಹೋಗಿದ್ದೆ. ಎಂಓಟಿ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ 1,000 ಪೌಂಡ್‌ವರೆಗೂ ದಂಡ ಹಾಕಬಹುದು. ನಂಬರ್ ಓದುವ ಕ್ಯಾಮೆರಾಗಳು ರಸ್ತೆರಸ್ತೆಯಲ್ಲಿವೆ. ಶನಿವಾರ ಬೆಳಗ್ಗೆ ಅಮ್ಮ ಬೆಂಗಳೂರಿಂದ ಹೀಥ್ರೋಗೆ ಬಂದಿಳಿಯುವವರಿದ್ದರು. ಕಾರಿಲ್ಲದೆ ಅವರನ್ನು ಕರೆತರುವುದು ಹೇಗೆ ಅಂತ ತಲೆ ಮೇಲೆ ಕೈ ಹೊತ್ತು ಕೂತೆ.

ಇಂಗ್ಲೆಂಡಿಗೆ ಬಂದವರು ಮೊದಲ ವರ್ಷ ಕಲಿಯುವ ಪದಗಳಲ್ಲಿ ಎಂಓಟಿ ಒಂದು. ಮಿನಿಸ್ಟ್ರಿ ಆಫ್ ಟ್ರಾನ್ಸ್‌ಪೋರ್ಟ್ ಅನ್ನುವುದರ ಚಿಕ್ಕ ರೂಪ. ಆ ಹೆಸರಿನ ಇಲಾಖೆ ಈಗ ಇಲ್ಲ, ಅದರ ಹೆಸರು ಮಾತ್ರ ಗ್ಯಾರೇಜುಗಳ ಬೋರ್ಡಿನಲ್ಲಿ ಉಳಿದಿದೆ. ಪರೀಕ್ಷೆ ಶುರುವಾಗಿದ್ದು 1960ರಲ್ಲಿ, ಅರ್ನೆಸ್ಟ್ ಮಾರ್ಪಲ್ಸ್ ಸಾರಿಗೆ ಮಂತ್ರಿಯಾಗಿದ್ದಾಗ. ಆಗ ಹತ್ತು ವರ್ಷ ದಾಟಿದ ಗಾಡಿಗಳಿಗೆ ಮಾತ್ರ. ಬ್ರೇಕು, ಲೈಟು, ಸ್ಟಿಯರಿಂಗ್ ಇಷ್ಟೇ ನೋಡುತ್ತಿದ್ದರು. ಎಷ್ಟೊಂದು ಗಾಡಿಗಳು ಫೇಲಾದವೆಂದರೆ ಮರುವರ್ಷವೇ ಹತ್ತನ್ನು ಏಳಕ್ಕೆ ಇಳಿಸಿದರು. 1967ರಿಂದ ಮೂರಕ್ಕೆ ಬಂದು ನಿಂತಿದೆ. ಹೊಸ ಕಾರಿಗೆ ಮೂರು ವರ್ಷ ತುಂಬಿದರೆ ಮೊದಲ ಎಂಓಟಿ, ಆಮೇಲೆ ಪ್ರತಿ ವರ್ಷ. ಉತ್ತರ ಐರ್ಲೆಂಡಿನಲ್ಲಿ ಮಾತ್ರ ನಾಲ್ಕು ವರ್ಷ, ಅಲ್ಲಿ ಸರ್ಕಾರವೇ ಕೇಂದ್ರ ನಡೆಸುತ್ತದೆ.

ನಮ್ಮ ಕಡೆ ಸ್ವಂತ ಕಾರಿನವರಿಗೆ ಇದು ಗೊತ್ತೇ ಇರುವುದಿಲ್ಲ. ವೈಟ್ ಬೋರ್ಡ್ ಗಾಡಿ ತಗೊಂಡರೆ 15 ವರ್ಷ ಯಾರೂ ಕೇಳುವುದಿಲ್ಲ. ಪೆಟ್ರೋಲ್ ಬಂಕ್ ಪಕ್ಕ ನಿಂತಿರುವ ವ್ಯಾನಿನಲ್ಲಿ ಎಮಿಷನ್ ಮಾಡಿಸಿಕೊಂಡರೆ ಆಯಿತು. ಆದರೆ ನಾನು ಯೆಲ್ಲೋ ಬೋರ್ಡ್ ಮನೆಯಲ್ಲಿ ಬೆಳೆದವನು. ಅರಸೀಕೆರೆಯಲ್ಲಿ ನಮ್ಮ ಚಿಕ್ಕಪ್ಪ ಒಂದು ಅಂಬಾಸಿಡರ್ ಟ್ಯಾಕ್ಸಿ ಇಟ್ಟಿದ್ದರು. ಅದಕ್ಕೆ ವರ್ಷಕ್ಕೊಮ್ಮೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್. ಮನೆಯಲ್ಲಿ ಅದು ಹಬ್ಬ ಇದ್ದ ಹಾಗೆ. ಹಿಂದಿನ ದಿನ ಗಾಡಿಗೆ ಸ್ನಾನ. ಗಾಡಿಯ ತಳಕ್ಕೆ ಕಪ್ಪು ಬಣ್ಣ. ಸಂಜೆ ಹೊತ್ತಿಗೆ ಸ್ಟ್ಯಾಂಡಿನ ಇನ್ನೊಬ್ಬ ಡ್ರೈವರ್ ಹತ್ತಿರ ಎರಡು ಒಳ್ಳೆ ಟೈರು ಸಾಲ. ಹಾರ್ನ್ ಇನ್ನೊಬ್ಬರದು. ಮುಂದೆ ಅವರ ಗಾಡಿಯ ಎಫ್‌ಸಿ ಬಂದಾಗ ಇವರ ಸ್ಟೆಪ್ನಿ ಹೋಗುತ್ತಿತ್ತು. ಬ್ರೇಕ್ ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತು ಒಂದು ರೌಂಡ್ ಹೊಡೆಸಿ, ದಿಢೀರನೆ ಬ್ರೇಕ್ ಹಾಕಿಸಿ ಇಳಿಯುತ್ತಿದ್ದರಂತೆ. ರಾತ್ರಿ ಮನೆಗೆ ಬಂದ ಮೇಲೆ ಟೈರು ಬಿಚ್ಚಿ ವಾಪಸ್. ನಾನು ಪಾನಾ ಹಿಡಿದುಕೊಂಡು ನಿಂತಿರುತ್ತಿದ್ದೆ. ಇದರಲ್ಲಿ ಏನೋ ತಪ್ಪಿದೆ ಅಂತ ನಮಗ್ಯಾರಿಗೂ ಅನಿಸಿರಲಿಲ್ಲ.

ಆ ಗುರುವಾರ ರಾತ್ರಿಯೂ ನನ್ನ ತಲೆಯಲ್ಲಿ ಓಡಿದ್ದು ಅದೇ. ಹೇಗಾದರೂ ನಾಳೆ ಪಾಸ್ ಮಾಡಿಸಬೇಕು.

ಎಲ್ಲಿ ಮಾಡಿಸುವುದು? ದೇಶದಲ್ಲಿ 20,000ಕ್ಕೂ ಜಾಸ್ತಿ ಜಾಗಗಳಲ್ಲಿ ಎಂಓಟಿ ಮಾಡುತ್ತಾರೆ. ನೀಲಿ ಹಲಗೆಯ ಮೇಲೆ ಮೂರು ಬಿಳಿ ತ್ರಿಕೋನ ಇದ್ದರೆ ಅಲ್ಲಿ ಪರೀಕ್ಷೆ ಇದೆ ಅಂತ ಅರ್ಥ. ನಮ್ಮ ರೆಡಿಂಗ್‌ನಲ್ಲಿ ಬಸ್ಸಲ್ಲಿ ಕೂತರೂ ನಾಲ್ಕೈದು ಕಣ್ಣಿಗೆ ಬೀಳುತ್ತವೆ. ಕಾರಿಗೆ 54.85 ಪೌಂಡ್‌ಗಿಂತ ಜಾಸ್ತಿ ತಗೊಳ್ಳುವಂತಿಲ್ಲ. ಕಡಿಮೆ ಎಷ್ಟಾದರೂ ತಗೊಳ್ಳಬಹುದು. ಅದರಲ್ಲೇ ಇರುವುದು ಆಟ. ಹಿಂದಿನ ವರ್ಷ ನಾನು 30 ಪೌಂಡ್ ಅಂತ ಬೋರ್ಡ್ ನೋಡಿ ಒಂದು ಗ್ಯಾರೇಜಿಗೆ ಹೋಗಿದ್ದೆ, ಹೆಸರು ಬೇಡ. ಹೊರಗೆ ಬರುವಾಗ ಬಿಲ್ಲು 400 ದಾಟಿತ್ತು. ಅವರು ಸುಳ್ಳು ಹೇಳಿದರು ಅಂತ ನಾನು ಹೇಳಲಾರೆ. ಪರೀಕ್ಷೆ ಮಾಡುವವರೇ ರಿಪೇರಿಯನ್ನೂ ಮಾಡಿದರೆ, ಹೊಟ್ಟೆಯಲ್ಲಿ ಒಂದು ಅನುಮಾನದ ಹುಳು ಸೇರಿಕೊಳ್ಳುತ್ತದೆ ಅಷ್ಟೇ.

ಮಂಡ್ಯದ ಗೆಳೆಯನಿಗೆ ಫೋನ್ ಮಾಡಿದೆ. ಇಲ್ಲಿ 18 ವರ್ಷದಿಂದ ಇರುವವನು. ನಿದ್ದೆಗಣ್ಣಲ್ಲೇ ಹೇಳಿದ: "ಗುರು, ಕೌನ್ಸಿಲ್ ಸೆಂಟರಿಗೆ ಹೋಗು. ಅವ್ರು ಕಸದ ಲಾರಿ, ಟ್ಯಾಕ್ಸಿ ಎಲ್ಲಾ ಚೆಕ್ ಮಾಡಕ್ಕೆ ಇಟ್ಕೊಂಡಿರೋದು. ನಮ್ಮಂಥವರ ಗಾಡೀನೂ ನೋಡ್ಲೇಬೇಕು. ರಿಪೇರಿ ಮಾಡಲ್ಲ. ಫೇಲ್ ಮಾಡಿದ್ರೆ ಅವ್ರಿಗೇನು ಸಿಗ್ತದೆ?"

ಕೌನ್ಸಿಲ್ ಅಂದರೆ ನಮ್ಮ ನಗರಸಭೆ ಇದ್ದ ಹಾಗೆ. ಇಷ್ಟು ಸರಳ ವಿಷಯ ಎಂಟು ವರ್ಷ ನನಗೆ ಗೊತ್ತಿರಲಿಲ್ಲ.

ಫೋನ್ ಇಟ್ಟ ಮೇಲೆ ಟಾರ್ಚ್ ಮತ್ತು 20 ಪೆನ್ಸ್ ನಾಣ್ಯ ಹಿಡಿದು ಹೊರಗೆ ಹೋದೆ. ಟೈರಿನ ಗೆರೆ ಕನಿಷ್ಠ 1.6 ಮಿಲಿಮೀಟರ್ ಆಳ ಇರಬೇಕು. ಗೆರೆಯೊಳಗೆ ಆ ನಾಣ್ಯ ತೂರಿಸಿದಾಗ ಅದರ ಅಂಚಿನ ಪಟ್ಟಿ ಮುಚ್ಚಿಹೋದರೆ ಸರಿ, ಕಾಣಿಸಿದರೆ ಟೈರು ಸವೆದಿದೆ ಅಂತ. ನಾಲ್ಕೂ ಟೈರಿನಲ್ಲಿ ಮುಚ್ಚಿಹೋಯಿತು, ಮುಂದಿನ ಒಂದರಲ್ಲಿ ಕಷ್ಟಪಟ್ಟು. ಹೆಂಡತಿ ನೈಟಿ ಮೇಲೆ ಕೋಟು ಹಾಕಿಕೊಂಡು ಬಂದು ಬ್ರೇಕ್ ತುಳಿದಳು, ನಾನು ಹಿಂದೆ ನಿಂತು ಲೈಟು ನೋಡಿದೆ. ಇಂಡಿಕೇಟರ್, ರಿವರ್ಸ್, ಫಾಗ್. ಎಂಓಟಿಯಲ್ಲಿ ಅತಿ ಹೆಚ್ಚು ಗಾಡಿಗಳು ಬೀಳುವುದು ಲೈಟಿನಲ್ಲೇ. ಹಾರ್ನ್ ಒಂದು ನೋಡಲಿಲ್ಲ. ರಾತ್ರಿ ಹನ್ನೊಂದಕ್ಕೆ ಇಲ್ಲಿ ಹಾರ್ನ್ ಹೊಡೆದರೆ ಪಕ್ಕದ ಮನೆಯವರು ಜನ್ಮದಲ್ಲಿ ಮಾತಾಡಿಸುವುದಿಲ್ಲ.

ಆಮೇಲೆ ಮಲಗುವ ಬದಲು ಕಾರಿನ ಜಾತಕ ಓದುತ್ತಾ ಕೂತೆ. ಸರ್ಕಾರದ ವೆಬ್‌ಸೈಟಿನಲ್ಲಿ ನಂಬರ್ ಹಾಕಿದರೆ ಯಾವ ಕಾರಿನದ್ದಾದರೂ 2005ರಿಂದ ಈಚಿನ ಎಂಓಟಿ ಫಲಿತಾಂಶ ಬರುತ್ತದೆ. ಯಾವ ವರ್ಷ ಎಷ್ಟು ಮೈಲಿ ಓಡಿತ್ತು, ಏನಕ್ಕೆ ಫೇಲಾಯಿತು, ಎಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಮುಂಚೆ ನೋಡಬೇಕಾದ್ದು ಇದು. ನನ್ನದರ ಹಿಂದಿನ ಮಾಲೀಕರಿಗೆ ಮೂರು ವರ್ಷ ಸತತವಾಗಿ ಒಂದೇ ಎಚ್ಚರಿಕೆ: ನಿಯರ್‌ಸೈಡ್ ಮುಂದಿನ ಟೈರು ಸವೆಯುತ್ತಿದೆ. ನಿಯರ್‌ಸೈಡ್ ಅಂದರೆ ಫುಟ್‌ಪಾತ್ ಕಡೆಯದು. ಚಿಕ್ಕಪ್ಪನ ಭಾಷೆಯಲ್ಲಿ ಕ್ಲೀನರ್ ಸೈಡು. ಯಾರೋ ಏನೋ, ಪಾರ್ಕ್ ಮಾಡುವಾಗ ದಿನಾ ಫುಟ್‌ಪಾತಿಗೆ ಉಜ್ಜುತ್ತಿದ್ದವರು.

ಶುಕ್ರವಾರ ಬೆಳಗ್ಗೆ ಎಂಟಕ್ಕೆ ಕೌನ್ಸಿಲ್ ಕೇಂದ್ರಕ್ಕೆ ಫೋನ್ ಮಾಡಿದೆ. ಯಾರೋ ಬುಕಿಂಗ್ ಬಿಟ್ಟಿದ್ದರು, 11:40ಕ್ಕೆ ಬನ್ನಿ ಅಂದರು. ಎಂಓಟಿ ಮುಗಿದ ಕಾರನ್ನು ಓಡಿಸಿಕೊಂಡು ಹೋಗಬಹುದಾದ ಜಾಗ ಎರಡೇ. ಮುಂಚೆಯೇ ಬುಕ್ ಮಾಡಿದ ಪರೀಕ್ಷೆಗೆ, ಇಲ್ಲವೇ ರಿಪೇರಿಗೆ. ದಾರಿಯಲ್ಲಿ ಅಂಗಡಿಗೆ ನಿಲ್ಲಿಸುವಂತಿಲ್ಲ. ಬುಕಿಂಗ್ ಈಮೇಲ್ ಫೋನಿನಲ್ಲಿ ತೆಗೆದಿಟ್ಟುಕೊಂಡು, ಕದ್ದ ಕಾರು ಓಡಿಸುವವನ ಹಾಗೆ ಹೊರಟೆ.

ಅಲ್ಲಿ ಗಾಜಿನ ಹಿಂದೆ ಒಂದು ಪುಟ್ಟ ಕೋಣೆ. ಎರಡು ಪ್ಲಾಸ್ಟಿಕ್ ಕುರ್ಚಿ. ಪರೀಕ್ಷೆಯನ್ನು ಅಲ್ಲಿಂದ ನೋಡುವ ಹಕ್ಕು ನಮಗಿದೆ, ಟೆಸ್ಟರನ್ನು ಮಾತಾಡಿಸಿ ತೊಂದರೆ ಕೊಡುವಂತಿಲ್ಲ. ಅವರು ಮೊದಲು ಒಳಗೆ ಕೂತು ಎಲ್ಲ ಸೀಟ್‌ಬೆಲ್ಟ್ ಎಳೆದು ನೋಡಿದರು. ವೈಪರ್, ವಾಷರ್, ಹಾರ್ನ್. ನನ್ನ ಪುಣ್ಯಕ್ಕೆ ಹಾರ್ನ್ ಕೂಗಿತು. ಸೈಲೆನ್ಸರಿಗೆ ಒಂದು ಕೊಳವೆ ತೂರಿಸಿ ಹೊಗೆ ಅಳೆದರು. ಚಕ್ರಗಳನ್ನು ತಿರುಗುವ ರೋಲರ್ ಮೇಲೆ ನಿಲ್ಲಿಸಿ ಬ್ರೇಕ್ ತುಳಿದಾಗ ಯಾವ ಚಕ್ರ ಎಷ್ಟು ಹಿಡಿಯುತ್ತದೆ ಅಂತ ಮೆಷಿನ್ ಹೇಳುತ್ತದೆ. ಬ್ರೇಕ್ ಇನ್ಸ್‌ಪೆಕ್ಟರ್ ಕೂತು ರೌಂಡ್ ಹೊಡೆಯಬೇಕಿಲ್ಲ. ಒಂದು ವಿಷಯ ಮಾತ್ರ ವಿಚಿತ್ರ ಅನಿಸಿತು. ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಯಾವ ಸ್ಥಿತಿಯಲ್ಲಿದೆ ಅಂತ ಎಂಓಟಿಯಲ್ಲಿ ನೋಡುವುದೇ ಇಲ್ಲ. ಗಾಡಿ ನಾಳೆ ಎಲ್ಲಾದರೂ ಕೆಟ್ಟು ನಿಂತರೆ ಅದು ನಿಮ್ಮ ಹಣೆಬರಹ. ಇನ್ನೊಬ್ಬರಿಗೆ ಗುದ್ದದಿದ್ದರೆ ಸಾಕು ಅನ್ನುವ ಲೆಕ್ಕ ಇರಬೇಕು.

ಆಮೇಲೆ ಕಾರು ಮೇಲೆದ್ದಿತು. ನನ್ನ ಕಾರಿನ ಹೊಟ್ಟೆಯನ್ನು ನಾನು ನೋಡಿದ್ದು ಅದೇ ಮೊದಲು. ತುಕ್ಕು, ಕೆಸರು, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿನ ಬಿಳಿ ಪದರ. ಟೆಸ್ಟರ್ ಲೈಟ್ ಹಿಡಿದುಕೊಂಡು ಹಿಂದಿನ ಚಕ್ರದ ಹತ್ತಿರ ನಿಂತರು. ಅಲ್ಲಾಡಲಿಲ್ಲ. ಮತ್ತೆ ಬಗ್ಗಿ ನೋಡಿದರು. ಆಮೇಲೆ ಗಾಜಿನ ಕಡೆ ತಿರುಗಿ ನನ್ನನ್ನು ಬೆರಳಲ್ಲಿ ಕರೆದರು.

ಹಿಂದಿನ ಕ್ಲೀನರ್ ಸೈಡ್ ಸ್ಪ್ರಿಂಗು ಮುರಿದಿತ್ತು. ಕೆಳಗಿನ ಸುತ್ತಿನಲ್ಲಿ ಎರಡು ಇಂಚು ತುಂಡಾಗಿ ಅಲ್ಲೇ ಕೂತಿತ್ತು. ಉಪ್ಪಿಗೆ ತುಕ್ಕು ಹಿಡಿಯುತ್ತದೆ, ಗುಂಡಿಗೆ ಬಿದ್ದಾಗ ಮುರಿಯುತ್ತದೆ, ಈ ಕಾಲದಲ್ಲಿ ಮಾಮೂಲು ಅಂದರು. ಎಷ್ಟು ದಿನದಿಂದ ಸದ್ದು ಬರುತ್ತಿದೆ ಅಂತ ಕೇಳಿದರು.

ಸದ್ದು! ಕ್ರಿಸ್‌ಮಸ್ ಕಳೆದಾಗಿನಿಂದ ಪ್ರತಿ ಹಂಪಿನ ಮೇಲೂ ಟಣ್ ಅನ್ನುತ್ತಿತ್ತು. ಸಂಕ್ರಾಂತಿ ಕಾರ್ಯಕ್ರಮಕ್ಕೆ ಬಿಸಿಬೇಳೆಬಾತ್ ತುಂಬಿಕೊಂಡು ಹೋಗಿದ್ದ ಸ್ಟೀಲ್ ಪಾತ್ರೆ ಡಿಕ್ಕಿಯಲ್ಲೇ ಇತ್ತು. ಅದರ ಮುಚ್ಚಳದ ಸದ್ದು ಅಂತ ನಾನೂ ನಂಬಿದ್ದೆ, ಹೆಂಡತಿಯನ್ನೂ ನಂಬಿಸಿದ್ದೆ. ಪಾತ್ರೆ ಡಿಕ್ಕಿ ಸೇರುವ ಮುಂಚೆಯೇ ಸದ್ದು ಶುರುವಾಗಿತ್ತು ಅನ್ನುವುದು ಯಾಕೋ ತಲೆಗೆ ಹೊಳೆದಿರಲಿಲ್ಲ. ಸದ್ದು ಜಾಸ್ತಿಯಾದಾಗ ರೇಡಿಯೋ ಜೋರು ಮಾಡಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಟೆಸ್ಟರ್‌ಗೆ, ಇತ್ತೀಚೆಗೆ, ಸ್ವಲ್ಪ ದಿನದಿಂದ ಅಂದೆ.

2018ರ ಮೇ ತಿಂಗಳಿಂದ ಎಂಓಟಿಯಲ್ಲಿ ತಪ್ಪುಗಳಿಗೆ ದರ್ಜೆ ಇದೆ. ಡೇಂಜರಸ್ ಅಂದರೆ ಕಾರು ಅಲ್ಲಿಂದ ಓಡಿಸುವ ಹಾಗೇ ಇಲ್ಲ. ಮೇಜರ್ ಅಂದರೆ ಫೇಲು. ಮೈನರ್ ಅಂದರೆ ಪಾಸು, ಆದರೆ ಬೇಗ ಸರಿಮಾಡಿಸಿ. ಅಡ್ವೈಸರಿ ಅಂದರೆ ಇದರ ಮೇಲೆ ಒಂದು ಕಣ್ಣಿರಲಿ. ನನ್ನದರಲ್ಲಿ ಡೇಂಜರಸ್ ಬಿಟ್ಟು ಉಳಿದ ಮೂರೂ ಇದ್ದವು. ಸ್ಪ್ರಿಂಗು ಮೇಜರ್. ಹಿಂದಿನ ನಂಬರ್ ಪ್ಲೇಟಿನ ಎರಡು ಬಲ್ಬಿನಲ್ಲಿ ಒಂದು ಹೋಗಿತ್ತು, ಅದು ಮೈನರ್. ಅಷ್ಟೆಲ್ಲಾ ಲೈಟು ನೋಡಿದವನು ಅದನ್ನೊಂದು ಬಿಟ್ಟಿದ್ದೆ. ಅಡ್ವೈಸರಿ ಯಾವುದು ಗೊತ್ತಾ? ಕ್ಲೀನರ್ ಸೈಡ್ ಮುಂದಿನ ಟೈರು. ಹಿಂದಿನ ಮಾಲೀಕರನ್ನು ಬೈದುಕೊಂಡದ್ದು ಸುಮ್ನೆ.

ರಿಪೇರಿ ನಾವು ಮಾಡಲ್ಲ ಅಂತ ಅವರೇ ಹೇಳಿದರು. ಬೇರೆ ಕಡೆ ಸರಿಮಾಡಿಸಿಕೊಂಡು 10 ಕೆಲಸದ ದಿನದೊಳಗೆ ಬಂದರೆ ಅರ್ಧ ಫೀಸು, ಕೆಟ್ಟಿದ್ದನ್ನು ಮಾತ್ರ ಮತ್ತೆ ನೋಡುತ್ತಾರೆ. ಫೇಲಾದ ಕಾಗದ ಕೈಗೆ ಕೊಟ್ಟರು. ಎಂಟನೇ ಕ್ಲಾಸಿನಲ್ಲಿ ಗಣಿತದ ಪೇಪರ್ ಹಿಡಿದುಕೊಂಡ ಹಾಗೆ ಮಡಚಿ ಜೇಬಿಗೆ ಹಾಕಿಕೊಂಡೆ.

ಅಲ್ಲಿಂದಲೇ ಮನೆ ಹತ್ತಿರದ ಒಂದು ಸಣ್ಣ ಗ್ಯಾರೇಜಿಗೆ ಫೋನ್ ಮಾಡಿ, ಒಪ್ಪಿಸಿ, ಕಾರು ತಗೊಂಡು ಹೋದೆ. ಸ್ಪ್ರಿಂಗು ಸೋಮವಾರ ಬರುತ್ತದೆ ಅಂದರು. ಒಂದು ಮುರಿದರೆ ಎರಡೂ ಕಡೆ ಬದಲಾಯಿಸುವುದು ವಾಡಿಕೆ, ಎಲ್ಲ ಸೇರಿ 170 ಪೌಂಡ್. ರೇಡಿಯೋ ಹಾಕದೆ ಹೋಗಿದ್ದೆ ಅವತ್ತು. ಪ್ರತಿ ಹಂಪಿಗೂ ಟಣ್. ಕೇಳಿಸಿಕೊಳ್ಳದೆ ಇರುವುದು ಹೇಗೆ ಸಾಧ್ಯವಾಗಿತ್ತೋ.

ಶನಿವಾರ ಅಮ್ಮನನ್ನು ಕರೆತರಲು ಹೀಥ್ರೋಗೆ ಬಸ್ಸಲ್ಲಿ ಹೋದೆ. ಎರಡು ಸೂಟ್‌ಕೇಸು, ಒಂದು ಡಬ್ಬಿ ನಿಪ್ಪಟ್ಟು, ನಿದ್ದೆಗೆಟ್ಟ ಅಮ್ಮ.

"ಕಾರೆಲ್ಲೋ?"

"ಎಫ್‌ಸಿ ಫೇಲಾಗಿದೆ ಅಮ್ಮ."

"ಫೇಲಾ? ನಿಮ್ಮ ಚಿಕ್ಕಪ್ಪಂದು ಒಂದ್ಸಲಾನೂ ಫೇಲಾಗ್ಲಿಲ್ಲವಲ್ಲೋ!"

ಬಸ್ಸಲ್ಲಿ ಅಕ್ಕಪಕ್ಕ ಇದ್ದವರೆಲ್ಲ ತಿರುಗಿ ನೋಡುವ ಹಾಗೆ ಇಬ್ಬರೂ ನಕ್ಕೆವು. ಆಮೇಲೆ ಅಮ್ಮ ಕಿಟಕಿಯಾಚೆ ನೋಡುತ್ತಾ, ನನಗೆ ಗೊತ್ತಿಲ್ಲದ ಒಂದು ವಿಷಯ ಹೇಳಿದರು. ಒಂದು ವರ್ಷ ಎಫ್‌ಸಿ ಆಗಿ ವಾರದೊಳಗೆ ಬಾಣಾವರದ ಹತ್ತಿರ ಮಳೆಯಲ್ಲಿ ಚಿಕ್ಕಪ್ಪನ ಟೈರು ಸಿಡಿದು ಗಾಡಿ ಹೊಲಕ್ಕೆ ನುಗ್ಗಿತ್ತಂತೆ. ಒಳಗೆ ಬಾಣಂತಿ ಇದ್ದಳಂತೆ. ಯಾರಿಗೂ ಏನೂ ಆಗಲಿಲ್ಲ. "ಅವತ್ತು ರಾತ್ರಿ ಊಟ ಮಾಡ್ಲಿಲ್ಲ ಕಣೋ ನಿಮ್ಮ ಚಿಕ್ಕಪ್ಪ. ಮಕ್ಕಳಿಗೆ ಹೇಳ್ಬೇಡಿ ಅಂದ್ರು." ಆಮೇಲೆ ಟೈರು ಸಾಲ ತಂದರಾ ಅಂತ ಕೇಳಿದೆ. ಇಲ್ಲ, ಅತ್ತಿಗೆಯ ಬಳೆ ಇಟ್ಟು ಹೊಸದೇ ತಂದರು ಅಂದರು. ಅತ್ತಿಗೆ ಅಂದರೆ ಅಮ್ಮ. ಬಳೆ ಅಮ್ಮನದು.

ಮಂಗಳವಾರ ಮರುಪರೀಕ್ಷೆಗೆ ಅಮ್ಮನೂ ಬಂದರು. ಒಬ್ಬರೇ ಮನೆಯಲ್ಲಿ ಕೂರಲು ಬೇಜಾರು ಅಂದರು. ಸೀರೆ, ಅದರ ಮೇಲೆ ನನ್ನ ಜಾಕೆಟ್, ಕಾಲಿಗೆ ಮೊಮ್ಮಗಳ ಸಾಕ್ಸು. ಗಾಜಿನ ಹಿಂದಿನ ಕುರ್ಚಿಯಲ್ಲಿ ಕೂತು ಕಾರು ಮೇಲೇರುವುದನ್ನು ಸಿನಿಮಾ ನೋಡುವ ಹಾಗೆ ನೋಡಿದರು. ಹತ್ತು ನಿಮಿಷ ಅಷ್ಟೇ. ಪಾಸ್. ಕೈಗೆ ಒಂದು ಕಾಗದ ಬಂತು. ಗಾಜಿಗೆ ಅಂಟಿಸಲು ಸ್ಟಿಕ್ಕರೂ ಇಲ್ಲ, ಏನೂ ಇಲ್ಲ. ಇದ್ದಿದ್ದರೆ ನಾನು ಮರೆಯುತ್ತಲೂ ಇರಲಿಲ್ಲವೇನೋ. ಕಾಗದದಲ್ಲಿ ಹೇಳುವುದು ಪರೀಕ್ಷೆಯ ಹೊತ್ತಿನಲ್ಲಿ ಕಾರು ಸರಿಯಿತ್ತು ಅಂತ ಮಾತ್ರ.

ಅಲ್ಲೇ ನಿಂತು ಸರ್ಕಾರದ ಪುಕ್ಕಟೆ ರಿಮೈಂಡರಿಗೆ ಫೋನ್ ನಂಬರ್ ಕೊಟ್ಟೆ, ಅವಧಿ ಮುಗಿಯುವ ಒಂದು ತಿಂಗಳ ಮುಂಚೆ ಮೆಸೇಜ್ ಬರುತ್ತದೆ. ಅವಧಿ ಮುಗಿಯಲು ತಿಂಗಳಿಗೆ ಒಂದು ದಿನ ಕಡಿಮೆ ಇರುವಾಗಲೇ ಪರೀಕ್ಷೆ ಮಾಡಿಸಿಕೊಂಡರೂ ಮುಂದಿನ ವರ್ಷಕ್ಕೆ ಹಳೆಯ ತಾರೀಖೇ ಉಳಿಯುತ್ತದೆ. ಈ ಸಲ ಜನವರಿ 22ಕ್ಕೇ ಹೋಗಿದ್ದರೂ ಒಂದು ದಿನವೂ ನಷ್ಟ ಆಗುತ್ತಿರಲಿಲ್ಲ.

ವಾಪಸ್ ಬರುವಾಗ ನಮ್ಮ ರಸ್ತೆಯ ಮೊದಲ ಹಂಪು ಬಂತು. ರೇಡಿಯೋ ಆಫ್ ಮಾಡಿದೆ.

"ಯಾಕೋ? ಚೆನ್ನಾಗಿ ಬರ್ತಿತ್ತಲ್ಲ."

"ಒಂದು ನಿಮಿಷ ಇರಮ್ಮ."

ಹಿಂದಿನ ಚಕ್ರ ಹತ್ತಿ ಇಳಿಯಿತು. ಅಮ್ಮನೂ ಕಿವಿ ಕೊಟ್ಟು ಕೂತಿದ್ದರು.